ಎದುರಾಗುವುದು, ಎದುರಿಸುವುದು

‘ಬರಗಾಲ ಎದುರಿಸುತ್ತಿರುವ ತಾಲ್ಲೂಕು’, ‘ವಿಚಾರಣೆ ಎದುರಿಸುತ್ತಿರುವ ಅಧಿಕಾರಿ’, ‘ತೀವ್ರ ವಿರೋಧ ಎದುರಿಸಿದ ಮಸೂದೆ’ – ಪತ್ರಿಕೆ ತೆರೆದರೆ ‘ಎದುರಿಸು’ ಎಂಬ ಕ್ರಿಯಾಪದ ಕಣ್ಣಿಗೆ ಬೀಳದ ದಿನವಿಲ್ಲ. ಈ ಮೂರೂ ಕಡೆ ಅದರ ಅರ್ಥ ಹೆಚ್ಚುಕಡಿಮೆ ‘ಅನುಭವಿಸು’ ಎಂದಷ್ಟೇ. ಆದರೆ ಇದು ಹುಟ್ಟಿನಿಂದ ಇಷ್ಟು ಸಾಧುವಾದ ಪದವೇನಲ್ಲ.

ಹಳಗನ್ನಡದಲ್ಲಿ ಇದರ ರೂಪ ‘ಇದಿರ್’. ತಮಿಳು, ಮಲಯಾಳಗಳ ‘ಎದಿರ್’, ತೆಲುಗಿನ ‘ಎದುರು’ ಇದರ ಒಡಹುಟ್ಟುಗಳು; ಸಂಸ್ಕೃತದ ಸಾಲವಲ್ಲ, ದ್ರಾವಿಡ ಮೂಲದ ಮಾತು. ಮುಂಭಾಗ, ಕಣ್ಣಮುಂದಿನ ಜಾಗ ಎಂಬುದೇ ಅದರ ಅರ್ಥ. ಅದರಲ್ಲಿ ಹಗೆತನವೂ ಇಲ್ಲ, ಸ್ನೇಹವೂ ಇಲ್ಲ. ಮುಂದೆ ಬಂದವನು ನೆಂಟನಾದರೆ ‘ಇದಿರ್ಗೊಳ್’. ಈಗಲೂ ಮದುವೆಯಲ್ಲಿ ಹೆಣ್ಣಿನ ಕಡೆಯವರು ದಿಬ್ಬಣವನ್ನು ಎದುರುಗೊಳ್ಳುತ್ತಾರೆ. ಬಂದವನು ಹಗೆಯಾದರೆ ‘ಇದಿರ್ಚು’, ಅಂದರೆ ಪ್ರತಿಭಟಿಸು. ಆರತಿಯ ತಟ್ಟೆಗೂ ಕತ್ತಿಗೂ ಬೇರು ಒಂದೇ ಎಂಬುದು ಸೋಜಿಗವಲ್ಲವೇ?

‘ಎದುರಾಗು’ ಎಂಬುದರ ಪಕ್ಕದಲ್ಲಿಟ್ಟರೆ ‘ಎದುರಿಸು’ವಿನ ಗತ್ತು ತಿಳಿಯುತ್ತದೆ. ದಾರಿಯಲ್ಲಿ ಹಾವು ಎದುರಾಗುತ್ತದೆ, ಕಷ್ಟ ಎದುರಾಗುತ್ತದೆ. ಅದಕ್ಕೆ ನಮ್ಮ ಒಪ್ಪಿಗೆ ಬೇಕಿಲ್ಲ. ಎದುರಿಸುವುದಕ್ಕೆ ಮಾತ್ರ ಮನಸ್ಸು ಮಾಡಬೇಕು, ನಿಲ್ಲಬೇಕು. ಓಡಿಹೋಗುವ ದಾರಿಯೂ ಇತ್ತು ಎಂಬ ಸೂಚನೆ ಆ ಪದದಲ್ಲೇ ಇದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ಸೇರಿದ ಜನ ಪೊಲೀಸರ ಗುಂಡುಗಳನ್ನು ಎದುರಿಸಿದರು ಎನ್ನುವಾಗ ಪದ ತನ್ನ ಪೂರ್ತಿ ತೂಕದಲ್ಲಿರುತ್ತದೆ. ಗುಂಡುಗಳು ಅವರಿಗೆ ಎದುರಾದವು ಎಂದು ಬರೆದರೆ ಅವರು ಬರಿಯ ದಾರಿಹೋಕರಾಗಿಬಿಡುತ್ತಾರೆ.

ಬರಗಾಲವನ್ನು ತಾಲ್ಲೂಕು ‘ಎದುರಿಸುವ’ ಈಗಿನ ರೂಢಿಯಲ್ಲಿ ಇಂಗ್ಲಿಷಿನ ‘ಫೇಸ್’ ಪದದ ನೆರಳಿದೆ. ಹೊಂಡ ತೋಡಿಸದೆ, ಮೇವು ಕೂಡಿಡದೆ ಕೈಕಟ್ಟಿ ಕುಳಿತ ಆಡಳಿತಕ್ಕೂ ಪತ್ರಿಕೆಯ ಒಂದೇ ಸಾಲು ಕಾದಾಡಿದ ಕೀರ್ತಿಯನ್ನು ತಂದುಕೊಡುತ್ತದೆ. ಬರಕ್ಕೆ ತುತ್ತಾಯಿತು ಎಂದರೆ ಅಲ್ಲಿ ಸತ್ಯಕ್ಕೆ ಹತ್ತಿರ.

ಹಳೆಯ ಅರ್ಥವನ್ನು ಮರೆಯದವರು ಮನೆಯ ಹಿರಿಯರು. ಮಗನ ತಕರಾರನ್ನು ವಾದವೆಂದು ಕೇಳಿಸಿಕೊಳ್ಳುವ ಮನೆಯಲ್ಲೇ ಸೊಸೆ ಅದೇ ಮಾತನ್ನು ಆಡಿದರೆ ಅದು ‘ಎದುರುತ್ತರ’.