ಕಾಶಿಯ ಎಂಜಿನ್ ಕಾರ್ಖಾನೆಯಲ್ಲಿ ಆಡಿದ ಒಂದು ಮಾತು

ಕಾಶಿಯಲ್ಲಿದ್ದೇನೆ ಅಂದರೆ ಊರ ಕಡೆಯವರು ಕೇಳುವುದು ಗಂಗೆ, ವಿಶ್ವನಾಥ, ಹೆಚ್ಚೆಂದರೆ ಜಂಗಮವಾಡಿ ಮಠ. ಇಲ್ಲಿ ರೈಲು ಎಂಜಿನ್ನನ್ನೂ ಮಾಡ್ತಾರೆ ಅಂತ ಹೇಳಿದರೆ "ಹೌದಾ?" ಅಂತಾರೆ. ಈ ಊರಿಗೆ ಬಂದು ನೆಲೆಸಿ ಎಷ್ಟೋ ವರ್ಷವಾದ ನನಗೆ ಘಾಟ್‌ಗಳಷ್ಟೇ ಆ ಕಾರ್ಖಾನೆಯೂ ಕಾಶಿಯೇ. ಅಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಹೆಣ್ಣು ಹುಡುಕುವುದು ಸುಲಭ ಅನ್ನೋ ಕಾಲವನ್ನೂ ನೋಡಿದ್ದೇನೆ.

ಡೀಸೆಲ್ ಲೋಕೋಮೋಟಿವ್ ವರ್ಕ್ಸ್, ಬನಾರಸಿಗರ ಬಾಯಲ್ಲಿ ಡಿಎಲ್‌ಡಬ್ಲ್ಯು. 1956ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಇಟ್ಟರು. ಅಮೆರಿಕದ ಆಲ್ಕೋ ಕಂಪನಿಯ ತಂತ್ರಜ್ಞಾನದಿಂದ ತಯಾರಾದ ಮೊದಲ ಎಂಜಿನ್ನನ್ನು 1964ರ ಜನವರಿ 3ರಂದು ದೇಶಕ್ಕೆ ಅರ್ಪಿಸಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಗಂಗೆಯಾಚೆಯ ಮೊಘಲ್‌ಸರಾಯ್‌ನಲ್ಲಿ ಹುಟ್ಟಿದ ಅವರು ಇಲ್ಲಿನವರೇ. 2020ರಲ್ಲಿ ಕಾರ್ಖಾನೆಯ ಹೆಸರು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಅಂತ ಬದಲಾಯಿತು. ಅಷ್ಟರಲ್ಲಿ ಅಲ್ಲಿನ ಕೆಲಸವೂ ಡೀಸೆಲ್‌ನಿಂದ ವಿದ್ಯುತ್ ಎಂಜಿನ್ನಿಗೆ ತಿರುಗಿತ್ತು.

ಈಗ ವಿಷಯಕ್ಕೆ ಬರ್ತೇನೆ. 2014ರ ಡಿಸೆಂಬರ್ 25. ಆ ವರ್ಷವಷ್ಟೇ ವಾರಾಣಸಿಯಿಂದ ಗೆದ್ದು ಪ್ರಧಾನಿಯಾಗಿದ್ದ ನರೇಂದ್ರ ಮೋದಿ ಈ ಕಾರ್ಖಾನೆಗೆ ಬಂದರು. ರೈಲ್ವೆಯನ್ನು ಖಾಸಗಿಯವರಿಗೆ ಕೊಡ್ತಾರೆ ಅಂತ ಕಾರ್ಮಿಕ ಸಂಘಗಳು ಆತಂಕಪಡುತ್ತಿದ್ದ ಹೊತ್ತು ಅದು. ಹಾಗೆ ಹೇಳುವುದೆಲ್ಲ ತಪ್ಪು, ನಮಗೆ ಆ ಇಚ್ಛೆಯೂ ಇಲ್ಲ, ಯೋಚನೆಯೂ ಇಲ್ಲ, ರೈಲಿನ ಜೊತೆ ನನ್ನ ನಂಟು ನಿಮಗಿಂತ ಹಳೆಯದು ಎಂಬರ್ಥದಲ್ಲಿ ಅವರು ಮಾತಾಡಿದರು. ಹೊರಗಿನ ದುಡ್ಡು, ಡಾಲರೋ ಪೌಂಡೋ, ರೈಲ್ವೆಗೆ ಬಂದರೆ ನಿಮಗೇನು ಕಷ್ಟ ಅಂತಲೂ ಕೇಳಿದರು. ಬೈಗುಳ ಇರಲಿಲ್ಲ. ಆದರೆ ಏಟು ಯಾರಿಗೆ ಅನ್ನೋದು ಕೇಳಿದವರಿಗೆಲ್ಲ ಗೊತ್ತಾಗುವಂತಿತ್ತು: ಸಂಘದ ಮುಂದಾಳುಗಳು ಇಲ್ಲದ ಭಯ ಹುಟ್ಟಿಸ್ತಿದ್ದಾರೆ, ಅವರನ್ನು ಬಿಟ್ಟು ನನ್ನ ಮಾತು ಕೇಳಿ.

ಸಂಘದವರ ಭಯ ಸುಮ್ಮನೆ ಹುಟ್ಟಿದ್ದೇನಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ರೈಲ್ವೆ ಮೂಲಸೌಕರ್ಯದಲ್ಲಿ ನೂರಕ್ಕೆ ನೂರು ವಿದೇಶಿ ಹೂಡಿಕೆಗೆ ಸಂಪುಟ ಒಪ್ಪಿತ್ತು. ಸೆಪ್ಟೆಂಬರ್‌ನಲ್ಲಿ ಬಿಬೇಕ್ ದೇಬ್‌ರಾಯ್ ಸಮಿತಿ ರಚನೆಯಾಗಿತ್ತು. ಎಂಜಿನ್, ಬೋಗಿ, ಗಾಲಿ ಮಾಡುವ ಕಾರ್ಖಾನೆಗಳನ್ನು ಬೇರೆ ಕಂಪನಿಯ ಕೆಳಗೆ ತರಬೇಕು ಅಂತ 2015ರಲ್ಲಿ ಆ ಸಮಿತಿಯೇ ಶಿಫಾರಸು ಮಾಡಿತು.

ಕಾರ್ಮಿಕ ನಾಯಕರನ್ನು ಟೀಕಿಸುವ ಈ ಬಗೆ ಹೊಸದಲ್ಲ. 1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರ ನಿಮಗೆ ನೆನಪಿರಬಹುದು. ಅದರ ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮುಷ್ಕರ ಶುರುವಾಗುವ ಮೊದಲೇ ಅವರನ್ನು ಲಖನೌನಲ್ಲಿ ಬಂಧಿಸಿದರು. ಆಗ ಇದ್ದದ್ದು ಇಂದಿರಾ ಗಾಂಧಿ ಸರ್ಕಾರ. ಪಕ್ಷ ಯಾವುದಾದರೂ ಆಳುವವರ ಲೆಕ್ಕ ಒಂದೇ: ಕಾರ್ಮಿಕ ಒಳ್ಳೆಯವನು, ಕೆಡಿಸುವವನು ನಾಯಕ.

ಆಮೇಲೇನಾಯ್ತು ನೋಡಿ. 2019ರ ಜೂನ್‌ನಲ್ಲಿ, ಎರಡನೇ ಸಲ ಸರ್ಕಾರ ಬಂದ ಕೂಡಲೇ, ರೈಲ್ವೆ ಮಂಡಳಿಯ ನೂರು ದಿನಗಳ ಯೋಜನೆ ಹೊರಬಿತ್ತು. ಅದರಲ್ಲಿ ಏಳು ಉತ್ಪಾದನಾ ಘಟಕಗಳನ್ನು ರೈಲ್ವೆ ಇಲಾಖೆಯಿಂದ ಬಿಡಿಸಿ ನಿಗಮ ಮಾಡುವ ಪ್ರಸ್ತಾವ ಇತ್ತು. ಕಾಶಿಯ ಕಾರ್ಖಾನೆ ಆ ಪಟ್ಟಿಯಲ್ಲಿತ್ತು. ನಮ್ಮ ಬೆಂಗಳೂರಿನ ಯಲಹಂಕದ ಗಾಲಿ ಕಾರ್ಖಾನೆಯೂ ಇತ್ತು! ಇಲ್ಲಿ ಕಾರ್ಮಿಕರು ಬೀದಿಗಿಳಿದರು, ಮನೆಯವರೂ ಜೊತೆಗೆ ಬಂದರು. ಅವರ ಕೈಯಲ್ಲಿದ್ದ ದೊಡ್ಡ ಆಯುಧ ಯಾವುದು ಗೊತ್ತೇ? 2014ರ ಅದೇ ಭಾಷಣ. ಮೊಬೈಲಿನಿಂದ ಮೊಬೈಲಿಗೆ ಅದರ ವಿಡಿಯೋ ಹರಿದಾಡಿತು. ನಾಯಕರನ್ನು ಬಿಟ್ಟು ನನ್ನನ್ನು ನಂಬಿ ಅಂದರಲ್ಲ, ನಂಬಿದೆವು, ಈಗ ಆ ಮಾತು ಉಳಿಸಿಕೊಳ್ಳಿ ಅನ್ನುವುದು ಅದರ ತಾತ್ಪರ್ಯ.

ಕಂಪನಿ ಮಾಡುವುದು ಬೇರೆ, ಖಾಸಗಿಯವರಿಗೆ ಮಾರುವುದು ಬೇರೆ ಅಂತ ಸರ್ಕಾರ ಹೇಳಬಹುದು. ನಿಯಮದ ಪ್ರಕಾರ ಅದು ಸರಿಯೇ. ಕೊಂಕಣ ರೈಲ್ವೆಯನ್ನೇ ನೋಡಿ, ಅದೂ ಒಂದು ನಿಗಮ. 1990ರಲ್ಲಿ ಅದು ಹುಟ್ಟಿದಾಗ ರೈಲ್ವೆ ಮಂತ್ರಿಯಾಗಿದ್ದವರು ಅದೇ ಜಾರ್ಜ್ ಫರ್ನಾಂಡಿಸ್. ಆದರೆ ಅದು ಹೊಸದಾಗಿ ಕಟ್ಟಿದ ಮನೆ. ಇಲ್ಲಿ ಇದ್ದವರ ಮನೆಯ ಪಟ್ಟಾ ಬದಲಾಯಿಸುವ ಮಾತು. ಕೇಂದ್ರ ಸರ್ಕಾರದ ನೌಕರ ಅಂತ ಸೇರಿಕೊಂಡವನು ನಾಳೆ ಕಂಪನಿಯ ನೌಕರನಾದರೆ ಅವನ ಪಿಂಚಣಿ, ಬಡ್ತಿ, ಕ್ವಾರ್ಟರ್ಸ್ ಏನಾಗ್ತವೆ? ಈ ಪ್ರಶ್ನೆಗೆ ಯಾವ ಭಾಷಣದಲ್ಲೂ ಉತ್ತರ ಇರಲಿಲ್ಲ.

ಕೊನೆಗೆ ಆ ಪ್ರಸ್ತಾವ ಮುಂದೆ ಹೋಗಲಿಲ್ಲ. ಕಾಶಿಯದೂ ಯಲಹಂಕದ್ದೂ ರೈಲ್ವೆಯ ಕಾರ್ಖಾನೆಗಳಾಗಿಯೇ ಉಳಿದವು. ಎಲ್ಲರಿಗೂ ಹಾಗೆ ಆಗಲಿಲ್ಲ ಅನ್ನೋದೂ ನೆನಪಿರಲಿ. ಮದ್ದುಗುಂಡು ಮಾಡುವ ಸರ್ಕಾರಿ ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದರು. ಅದಕ್ಕೆ ಮೊದಲು ಜೂನ್‌ನಲ್ಲೇ ಅಲ್ಲಿ ಮುಷ್ಕರ ನಿಷೇಧಿಸಲು ಸುಗ್ರೀವಾಜ್ಞೆ ಬಂದಿತ್ತು.

ಇದನ್ನು ಬರೀ ಎಡ-ಬಲದ ಜಗಳ ಅಂದುಕೊಳ್ಳಬೇಡಿ. ಭಾರತೀಯ ಮಜ್ದೂರ್ ಸಂಘವನ್ನು 1955ರಲ್ಲಿ ಕಟ್ಟಿದ ದತ್ತೋಪಂತ ಠೇಂಗಡಿ ಆರೆಸ್ಸೆಸ್ ಪ್ರಚಾರಕರು. ಅವರು ವಾಜಪೇಯಿ ಸರ್ಕಾರದ ಆರ್ಥಿಕ ನೀತಿಯನ್ನು ಬಹಿರಂಗವಾಗಿಯೇ ಟೀಕಿಸಿದರು, 2003ರಲ್ಲಿ ಪದ್ಮಭೂಷಣವನ್ನೂ ಬೇಡ ಅಂದರು. ಸ್ವಂತ ಮನೆಯವರೇ ಎಚ್ಚರಿಸಿದಾಗ ಅದನ್ನು ವಿರೋಧಿಗಳ ವದಂತಿ ಅನ್ನಲು ಬರುವುದಿಲ್ಲ.

ಹಾಗಂತ ಸಂಘದ ನಾಯಕರೆಲ್ಲ ದೇವರಲ್ಲ. ಅವರನ್ನೂ ಕೇಳಲೇಬೇಕು. ವಲಯ ರೈಲ್ವೆಗಳಲ್ಲಿ ಯಾವ ಸಂಘಕ್ಕೆ ಮಾನ್ಯತೆ ಅಂತ ತೀರ್ಮಾನಿಸುವ ಗುಪ್ತ ಮತದಾನ 2007ರಲ್ಲಿ ಆಯಿತು, 2013ರಲ್ಲಿ ಆಯಿತು. ಮುಂದಿನದು ನಡೆದದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ಹನ್ನೊಂದು ವರ್ಷ! ಅಷ್ಟು ಕಾಲ ಮತ ಕೇಳದೆ ಕುರ್ಚಿಯಲ್ಲಿ ಕೂತವರನ್ನು ಟೀಕಿಸಿದರೆ ನಾನೂ ದನಿಗೂಡಿಸ್ತೇನೆ. ಆದರೆ ಆ ಮತದಾನ ನಡೆಸಬೇಕಾದದ್ದು ರೈಲ್ವೆ ಆಡಳಿತ. ನಾಯಕ ಸರಿಯಿಲ್ಲ ಅನ್ನಿಸಿದರೆ ಕಾರ್ಮಿಕನ ಕೈಗೆ ಮತಪತ್ರ ಕೊಡಿ, ಅವನೇ ತೀರ್ಮಾನಿಸಲಿ. ವೇದಿಕೆ ಮೇಲೆ ನಿಂತು ಅವನ ನಾಯಕನನ್ನು ಬದಿಗೆ ಸರಿಸಿದವರು ಆ ನಾಯಕನ ಜವಾಬ್ದಾರಿಯನ್ನೂ ಹೊರಬೇಕಾಗುತ್ತದೆ. 2019ರಲ್ಲಿ ಕಾಶಿಯ ಕಾರ್ಮಿಕರು ಕೇಳಿದ್ದು ಅಷ್ಟೇ.

ಯಲಹಂಕದ ಕಡೆ ಕೆಲಸ ಮಾಡಿದವರು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಮನೆಯವರು ಯಾರಾದರೂ ಇದನ್ನು ಓದ್ತಿದ್ದರೆ, ಆ ದಿನಗಳಲ್ಲಿ ನಿಮ್ಮ ಕಡೆ ಏನು ಮಾತು ನಡೆಯುತ್ತಿತ್ತು, ಬರೆದು ತಿಳಿಸಿ.