ಮುಳ್ಳಿನ ಅರ್ಥವ್ಯಾಪ್ತಿ: ಚಿತ್ರದುರ್ಗ ಸೀಮೆಯ ಭಾಷೆ ಮತ್ತು ಆಚರಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಬಹುಭಾಗ ಮಳೆ ಕಡಿಮೆಯಿರುವ ಬಯಲುಸೀಮೆ. ಜಾಲಿ, ಕಾರೆ, ಬಾರೆ, ಕಳ್ಳಿ, ನೆಗ್ಗಿಲು ಮೊದಲಾದ ಮುಳ್ಳುಸಸ್ಯಗಳು ಇಲ್ಲಿ ಹೇರಳವಾಗಿವೆ. ಗ್ರಂಥಸ್ಥ ಪರಂಪರೆಯು ಮುಳ್ಳಿಗೆ ಕೊಟ್ಟಿರುವ ಅರ್ಥಕ್ಕೂ ಈ ಸೀಮೆಯ ಪಶುಪಾಲಕರ ಬದುಕಿನಲ್ಲಿ ಅದಕ್ಕಿರುವ ಅರ್ಥಕ್ಕೂ ನಡುವಿನ ಅಂತರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಸ್ಕೃತದಲ್ಲಿ ‘ಕಂಟಕ’ವೆಂದರೆ ಮುಳ್ಳು, ಲಕ್ಷಣೆಯಿಂದ ಪೀಡೆ, ಶತ್ರು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಹೆಸರೇ ‘ಕಂಟಕಶೋಧನ’. ಪ್ರಜೆಗಳನ್ನು ಪೀಡಿಸುವವರನ್ನು ಹತ್ತಿಕ್ಕುವ ಕ್ರಮ ಅದರ ವಿಷಯ. ಕನ್ನಡದ ‘ಪ್ರಾಣಕಂಟಕ’, ‘ನಿಷ್ಕಂಟಕ’ ಎಂಬ ಪ್ರಯೋಗಗಳಲ್ಲಿಯೂ ಇದೇ ಧೋರಣೆಯಿದೆ. ರಾಜನೀತಿಯ ದೃಷ್ಟಿಯಲ್ಲಿ ಮುಳ್ಳು ಕಿತ್ತೆಸೆಯಬೇಕಾದ ವಸ್ತು. ದೇಶ್ಯ ಶಬ್ದವಾದ ‘ಮುಳ್ಳು’ ಇದಕ್ಕಿಂತ ವಿಶಾಲವಾದುದು. ನ್ಯಾಯವಾದ ತೂಕವನ್ನು ತೋರುವುದು ತಕ್ಕಡಿಯ ಮುಳ್ಳು. ಹೊತ್ತನ್ನು ತೋರುವುದು ಗಡಿಯಾರದ ಮುಳ್ಳು.

ಯುರೋಪಿನಲ್ಲಿ ಸ್ಕಾಟ್ಲೆಂಡಿನ ಲಾಂಛನವಾದ ಥಿಸಲ್ ಗಿಡದ ಬಳಗಕ್ಕೆ ಸೇರಿದ ಎರಡು ಸಸ್ಯಗಳು ಕನ್ನಡ ನಾಡಿಗೂ ಪರಿಚಿತ. ಒಂದು ಬೀಳುನೆಲದ ಬ್ರಹ್ಮದಂಡೆ, ಇನ್ನೊಂದು ಎರೆಹೊಲದ ಕುಸುಬೆ. ದನಗಳು ನುಗ್ಗದಂತೆ ಜೋಳದ ಹೊಲದ ಅಂಚಿಗೆ ಕುಸುಬೆಯ ಸಾಲು ಬಿತ್ತುವುದು ರೈತರ ರೂಢಿ. ಇದೇ ಕುಸುಬೆಯ ಹೂವಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ಆ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಆದುದರಿಂದಲೇ 14ನೆಯ ಶತಮಾನದ ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಶೋಭಿಸಿ ಅಳಿದುಹೋಗುವ ಅನುರಾಗಕ್ಕೆ ‘ಕುಸುಂಭರಾಗ’ವೆಂಬ ಹೆಸರಿದೆ. ಹೀಗೆ ಆಲಂಕಾರಿಕರಿಗೆ ಅಸ್ಥಿರತೆಯ ಸಂಕೇತವಾದ ಗಿಡವೇ ಒಕ್ಕಲಿಗನಿಗೆ ಬೇಲಿಯಾಗಿದೆ.

ಬೇಲಿಯ ಈ ಅರ್ಥ ಪೂರ್ಣವಾಗಿ ವಿಕಾಸಗೊಂಡಿರುವುದು ಕಾಡುಗೊಲ್ಲರ ಸಂಸ್ಕೃತಿಯಲ್ಲಿ. ಈ ತಾಲ್ಲೂಕುಗಳಲ್ಲಿ ಹರಡಿರುವ ಗೊಲ್ಲರಹಟ್ಟಿಗಳು ಮೂಲತಃ ಮುಳ್ಳುಬೇಲಿಯೊಳಗಿನ ವಸತಿಗಳು. ಕಾಡುಮೃಗಗಳಿಂದ ಕುರಿಮಂದೆಯನ್ನು ಕಾಯುವ ಬೇಲಿ ಕ್ರಮೇಣ ಮಡಿಯ ಎಲ್ಲೆಯೂ ಆಯಿತು. ನೆರೆಯ ಚಳ್ಳಕೆರೆ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿಯ ಕ್ಯಾತಪ್ಪನ ಪರಿಷೆಯಲ್ಲಿ ಮುಳ್ಳಿನ ಕಂಟಿಗಳಿಂದಲೇ ಗುಡಿ ಕಟ್ಟುತ್ತಾರೆ. ಭಕ್ತರು ಬರಿಗಾಲಲ್ಲಿ ಅದನ್ನೇರಿ ತುದಿಯ ಕಳಶವನ್ನು ಕೀಳುತ್ತಾರೆ. ರಾಜನೀತಿಯು ನಿವಾರಿಸಬೇಕೆಂದ ಮುಳ್ಳು ಇಲ್ಲಿ ದೇವರ ನೆಲೆಯಾಗಿದೆ.

ಆದರೆ ಈ ಎಲ್ಲೆಗೆ ಇನ್ನೊಂದು ಮುಖವೂ ಇದೆ. ಮುಟ್ಟಾದ ಹೆಂಗಸರನ್ನೂ ಹಸಿಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಕಾಡುಗೊಲ್ಲರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮಳೆ, ಚಳಿ, ವಿಷಜಂತುಗಳ ಭಯ ತಾಯಿ ಮಕ್ಕಳ ಪಾಲಿಗೆ ಬಂದದ್ದು ಹೀಗೆ. ಮಂದೆಯನ್ನು ಕಾಯ್ದ ಬೇಲಿ ಮಕ್ಕಳನ್ನು ಹೆತ್ತವಳನ್ನು ಕಾಯಲಿಲ್ಲ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿರ್ಮೂಲನಾ ಕಾಯ್ದೆಯು ಮುಟ್ಟಾದ ಹಾಗೂ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕವಾಗಿ ಇರಿಸುವುದನ್ನು ನಿಷೇಧಿಸಿದೆ.

ಒಟ್ಟಿನಲ್ಲಿ, ಈ ಸೀಮೆಯಲ್ಲಿ ಮುಳ್ಳು ಕೇವಲ ನೋವಿನ ಪ್ರತೀಕವಲ್ಲ. ಒಳಗು ಹೊರಗನ್ನು ವಿಭಜಿಸುವ ರೇಖೆ. ಅದರ ಅರ್ಥವನ್ನು ನಿರ್ಣಯಿಸುವಾಗ ಬೇಲಿಯೊಳಗೆ ರಕ್ಷಣೆ ಪಡೆದವರ ನುಡಿಯೊಂದಿಗೆ ಬೇಲಿಯಾಚೆ ರಾತ್ರಿ ಕಳೆದವರ ಅನುಭವವನ್ನೂ ಆಕರವಾಗಿ ಪರಿಗಣಿಸುವುದು ಅವಶ್ಯಕ.