ಉಪ್ಪಿನ ಋಣ

ಸರ್ಕಾರ ತೆರಿಗೆ ಏರಿಸಿದಾಗಲೆಲ್ಲ ನಾವು ಮೊದಲು ಕೇಳುವುದು ‘ಎಷ್ಟು?’ ಎಂದು. ‘ಯಾರ ಮೇಲೆ?’ ಎಂಬ ಪ್ರಶ್ನೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಬೊಕ್ಕಸಕ್ಕೆ ಹಣ ಕಟ್ಟುವವನೇ ಅದರ ಭಾರವನ್ನೂ ಹೊರುತ್ತಾನೆಂದು ನಂಬಿಬಿಡುವುದು ಸುಲಭ. ಬ್ರಿಟಿಷರ ಕಾಲದ ಉಪ್ಪಿನ ತೆರಿಗೆಯ ಚರಿತ್ರೆ ಈ ನಂಬಿಕೆಯನ್ನು ಅಲುಗಿಸುವಂಥದು. ಅದನ್ನೇ ಇಂದು ಸ್ವಲ್ಪ ವಿಚಾರಿಸಬಯಸುತ್ತೇನೆ.

1857ರ ದಂಗೆಯನ್ನು ಅಡಗಿಸಿದ ವೆಚ್ಚದಿಂದ ಬೊಕ್ಕಸ ಬರಿದಾಗಿತ್ತು. 1860ರಲ್ಲಿ ಜೇಮ್ಸ್ ವಿಲ್ಸನ್ ವರಮಾನ ತೆರಿಗೆಯನ್ನು ತಂದ. ವರ್ತಕರು, ಅಧಿಕಾರಿಗಳು, ಜಮೀನ್ದಾರರು ಇದನ್ನು ಕಟ್ಟಬೇಕಾಯಿತು. ಪತ್ರಿಕೆಗಳಲ್ಲಿ ಬರೆಯಬಲ್ಲವರು, ಸಭೆ ಸೇರಿಸಬಲ್ಲವರು ಇವರೇ. 1865ರಲ್ಲಿ ತೆರಿಗೆ ನಿಂತಿತು; 1869ರಲ್ಲಿ ಮರಳಿ ಬಂದು 1873ರಲ್ಲಿ ಪುನಃ ನಿಂತಿತು. 1886ರಲ್ಲಿ ಅದು ಸ್ಥಿರವಾಗಿ ನೆಲೆಗೊಂಡಾಗಲೂ ಬೇಸಾಯದ ವರಮಾನಕ್ಕೆ ವಿನಾಯಿತಿ ದೊರೆಯಿತು. ದೊಡ್ಡ ಜಮೀನ್ದಾರರು ಹೀಗೆ ಹೊರಗುಳಿದರು.

ಅಷ್ಟರಲ್ಲಿ ಉತ್ತರ ಬರ್ಮಾದ ಯುದ್ಧ ಬಂತು. ಬೆಳ್ಳಿಯ ಬೆಲೆ ಕುಸಿದು, ಲಂಡನ್ನಿಗೆ ಪೌಂಡುಗಳಲ್ಲಿ ಸಲ್ಲಿಸಬೇಕಾದ ಹಣದ ಹೊರೆಯೂ ಹೆಚ್ಚಿತು. ಈ ಕೊರತೆಯನ್ನು ತುಂಬಲು ಸರ್ಕಾರ ಕೈಚಾಚಿದ್ದು ಉಪ್ಪಿನ ಕಡೆಗೆ. ಮಣಕ್ಕೆ 2 ರೂಪಾಯಿಯಿದ್ದ ತೆರಿಗೆ 1888ರಲ್ಲಿ ಎರಡೂವರೆ ರೂಪಾಯಿಯಾಯಿತು. ಬರ್ಮಾ ಎಲ್ಲಿದೆಯೆಂದು ತಿಳಿಯದ ಕೂಲಿಕಾರನೂ ಆ ಯುದ್ಧದ ಪಾಲುದಾರನಾದ.

ಈ ತೆರಿಗೆಯನ್ನು ಉಪ್ಪಿನ ಮಳಿಗೆಯಲ್ಲಿ ಕಟ್ಟುತ್ತಿದ್ದವನು ವರ್ತಕ. ಅವನು ಅದನ್ನು ಬೆಲೆಯೊಳಗೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದ. ಕೊನೆಗೆ ಕೊಡುತ್ತಿದ್ದವನು ಗಂಜಿಗೆ ಉಪ್ಪು ಬೆರೆಸುವವನು. ಲೆಕ್ಕಕ್ಕೆಂದು ಎರಡು ಸಂಸಾರಗಳನ್ನು ಊಹಿಸೋಣ. ಎರಡೂ ವರ್ಷಕ್ಕೆ ಒಂದು ಮಣ ಉಪ್ಪು ಬಳಸುತ್ತವೆ. ಒಂದರ ವರಮಾನ 50 ರೂಪಾಯಿ, ಇನ್ನೊಂದರದು 5,000. ತೆರಿಗೆ ಇಬ್ಬರಿಗೂ ಎರಡೂವರೆ ರೂಪಾಯಿಯೇ. ಮೊದಲಿನವನಿಗೆ ಅದು ವರಮಾನದ ಇಪ್ಪತ್ತರಲ್ಲಿ ಒಂದು ಪಾಲು. ಎರಡನೆಯವನಿಗೆ ಎರಡು ಸಾವಿರದಲ್ಲಿ ಒಂದು. ಹಣವಿದ್ದ ಮಾತ್ರಕ್ಕೆ ಯಾರೂ ನೂರು ಪಟ್ಟು ಉಪ್ಪು ತಿನ್ನುವುದಿಲ್ಲವಷ್ಟೆ.

ಗೋಖಲೆಯವರು 1902ರ ತಮ್ಮ ಮೊದಲ ಆಯವ್ಯಯ ಭಾಷಣದಲ್ಲಿ, ಬೊಕ್ಕಸದಲ್ಲಿ ಹಣ ಮಿಗುತ್ತಿರುವಾಗಲೂ ಈ ಭಾರವೇಕೆಂದು ವಾದಿಸಿದರು. 1903ರಿಂದ 1907ರವರೆಗೆ ತೆರಿಗೆ ಹಂತಹಂತವಾಗಿ ಒಂದು ರೂಪಾಯಿಗೆ ಇಳಿಯಿತು. ಉಪ್ಪಿನ ಬಳಕೆ ಏರಿತು. ಅದುವರೆಗೆ ಜನ ಉಪ್ಪಿನಲ್ಲೂ ಕೈಹಿಡಿತ ಮಾಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೂ 1923ರಲ್ಲಿ ಕೊರತೆ ಕಂಡಾಗ, ಶಾಸನಸಭೆಯ ನಿರಾಕರಣೆಯನ್ನು ಬದಿಗೊತ್ತಿ ವೈಸರಾಯ್ ರೀಡಿಂಗ್ ತೆರಿಗೆಯನ್ನು ಇಮ್ಮಡಿಗೊಳಿಸಿದ. ಮರುವರ್ಷವೇ ಅದನ್ನು ಇಳಿಸಬೇಕಾಯಿತು.

1930ರ ಮಾರ್ಚ್ 2ರಂದು ಗಾಂಧೀಜಿ ವೈಸರಾಯ್ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ಇದೇ ಲೆಕ್ಕವಿದೆ. ವೈಸರಾಯರ ಸಂಬಳ ತಿಂಗಳಿಗೆ 21,000 ರೂಪಾಯಿ. ಭಾರತೀಯನ ಸರಾಸರಿ ವರಮಾನ ದಿನಕ್ಕೆ ಎರಡಾಣೆಗೂ ಕಡಮೆ. ದಂಡಿಯ ಕರೆಗೆ ನಮ್ಮ ಅಂಕೋಲೆಯೂ ಓಗೊಟ್ಟಿತು. ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿಯಿತು.

ಆ ತೆರಿಗೆ ತೊಲಗಿದ್ದು 1947ರಲ್ಲಿ. ಮಧ್ಯಂತರ ಸರ್ಕಾರದ ಲಿಯಾಖತ್ ಅಲಿ ಖಾನರು ಅದನ್ನು ಕೈಬಿಟ್ಟ ಆಯವ್ಯಯದಲ್ಲಿಯೇ, ಒಂದು ಲಕ್ಷ ಮೀರಿದ ವ್ಯಾಪಾರದ ಲಾಭಕ್ಕೆ ನೂರಕ್ಕೆ 25ರಂತೆ ತೆರಿಗೆ ಸೂಚಿಸಿದ್ದರು. ಗದ್ದಲವೆದ್ದಿತು. ಕೆಲವೇ ವಾರಗಳಲ್ಲಿ ದರ ನೂರಕ್ಕೆ ಹದಿನಾರೂ ಮುಕ್ಕಾಲರ ಸಮೀಪಕ್ಕೆ ಇಳಿಯಿತು. ಉಪ್ಪು ತಿನ್ನುವವರು ಇಷ್ಟು ಪಡೆಯಲು ತಲೆಮಾರುಗಳೇ ಕಾದಿದ್ದರು.

ಇಂದಿನ ಸರಕು ಮತ್ತು ಸೇವಾ ತೆರಿಗೆಯಲ್ಲಿ ಉಪ್ಪಿಗೆ ವಿನಾಯಿತಿಯುಂಟು. ಆದರೆ ಬೆಲೆಯೊಳಗೆ ಅಡಗಿದ ತೆರಿಗೆಯನ್ನು ಕೂಲಿಯವನೂ ಗಿರಣಿಯ ಒಡೆಯನೂ ಇಂದಿಗೂ ಒಂದೇ ದರದಲ್ಲಿ ಕೊಡುತ್ತಾರೆ. ಅನ್ನವಿಕ್ಕಿದವನನ್ನು ಮರೆಯಬಾರದೆಂದು ನಮ್ಮ ಹಿರಿಯರು ‘ಉಪ್ಪಿನ ಋಣ’ ಎಂದರು. ಬಡವನ ಗಂಜಿಯ ಉಪ್ಪಿನಿಂದ ಒಂದು ಸಾಮ್ರಾಜ್ಯವೇ ಉಂಡಿತು. ಆ ಋಣವನ್ನು ಬರೆದಿಡುವುದಾದರೂ ಚರಿತ್ರೆಯ ಕೆಲಸವೆಂದು ನಾನು ತಿಳಿಯುತ್ತೇನೆ.